ಕುತ್ತಿಗೆ ತಿರುಗದ ಮಿಷನ್

ನನ್ನ ಗಂಡನ ಕೆಲಸ ಹಿಮ ಸುರಿಸುವುದು. ನನ್ನ ಕೆಲಸ ಆ ಹಿಮವನ್ನು ಒರೆಸುವುದು. ಇಬ್ಬರಿಗೂ ಸಂಬಳ ಕೊಡುವ ಕಂಪನಿ ಒಂದೇ. ಕೇಳಿ ನಗುವವರು ನಗಲಿ. ನಾವು ನಗುವುದನ್ನು ಬಿಟ್ಟು ಎರಡು ಚಳಿಗಾಲವಾಯಿತು.

ನಮ್ಮ ಮಾವನವರ ಕಾಲದಲ್ಲಿ ಈ ಬೆಟ್ಟದ ಮೇಲೆ ಹಿಮ ತಾನಾಗಿಯೇ ಬೀಳುತ್ತಿತ್ತು. ಯಾರೂ ಅರ್ಜಿ ಹಾಕಬೇಕಿರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆಯಬೇಕಾದರೆ ಸಲಿಕೆ ಬೇಕಾಗುತ್ತಿತ್ತಂತೆ. ಈಗ ಚಳಿಗಾಲ ಬರುವುದು ಕ್ಯಾಲೆಂಡರಿನಲ್ಲಿ ಮಾತ್ರ. ಹಾಗಂತ ಹಿಮದ ಮೇಲೆ ಜಾರಲು ಕಾರಿನಲ್ಲಿ ಹೊಗೆ ಬಿಟ್ಟುಕೊಂಡು ಅಷ್ಟು ದೂರದಿಂದ ಬರುವವರಿಗೆ ಬರೀ ಬಂಡೆ ತೋರಿಸಿ ಕಳಿಸಲಾಗುತ್ತದೆಯೇ? ರೆಸಾರ್ಟ್ ಕಂಪನಿಯವರು ಹಿಮದ ಮಿಷನ್ ತರಿಸಿದರು. ಫಿರಂಗಿಯ ಹಾಗೆ ಅಗಲ ಬಾಯಿ, ಕೆಳಗೆ ಚಕ್ರ. ಬೆಳಗಿನ ಚಳಿಯಲ್ಲಿ ನೀರು ಕುಡಿದು ಹಿಮ ಉಗುಳುತ್ತದೆ. ಅದನ್ನು ನಡೆಸುವವರು ನಮ್ಮ ಯಜಮಾನರು.

ಮಿಷನ್ ವಿಪರೀತ ಕರೆಂಟು ತಿನ್ನುತ್ತದೆ. ಕಂಪನಿಗೋ ಪರಿಸರದ ಮೇಲೆ ಎಲ್ಲಿಲ್ಲದ ಪ್ರೀತಿ. ಆದ್ದರಿಂದ ಸೋಲಾರ್ ಪ್ಯಾನೆಲ್ ಹಾಕಿಸಿದರು, ಅದೂ ಇಳಿಜಾರಿನ ಬುಡದಲ್ಲೇ, ಮಿಷನ್ನಿನ ಬಾಯಿಗೆ ಎದುರಾಗಿ. ಬೇರೆ ಜಾಗ ಬೇಕಾದಷ್ಟಿತ್ತು. ಆದರೆ ಬಿಳಿ ಹಿಮ, ನೀಲಿ ಪ್ಯಾನೆಲ್ ಎರಡೂ ಒಂದೇ ಫೋಟೋದಲ್ಲಿ ಬರಬೇಕಲ್ಲ! ಫೋಟೋ ಚೆನ್ನಾಗಿಯೇ ಬಂತು. ಮರುದಿನ ಮಿಷನ್ ಉಗುಳಿದ್ದರಲ್ಲಿ ಅರ್ಧ ಹಿಮ ಪ್ಯಾನೆಲ್‌ಗಳ ಮೇಲೆ ಬಿದ್ದು, ಕರೆಂಟು ಕೈಕೊಟ್ಟು, ಹೋಟೆಲಿನ ಹಿಂದಿದ್ದ ಡೀಸೆಲ್ ಜನರೇಟರ್ ಕೆಮ್ಮತೊಡಗಿತು. ಅದಕ್ಕೂ ಹಸಿರು ಬಣ್ಣ ಬಳಿದಿದ್ದಾರೆ, ಯಾರೂ ಏನೂ ಅನ್ನುವ ಹಾಗಿಲ್ಲ.

ಪ್ಯಾನೆಲ್ ಒರೆಸಲು ಒಂದು ತಿಂಗಳ ಮಟ್ಟಿಗೆ ಅಂತ ನನ್ನನ್ನು ತೆಗೆದುಕೊಂಡರು. ಅದಕ್ಕೂ ಮುಂಚೆ ಹನ್ನೆರಡು ವರ್ಷ ಅದೇ ಹೋಟೆಲಿನ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ಕಂಡವರು ಮಲಗೆದ್ದ ಬೆಡ್‌ಶೀಟು ಒಗೆದವಳು ನಾನು. ಈಗ ಮೈಮೇಲೆ ಹಳದಿ ಜಾಕೆಟ್, ಬೆನ್ನಿನಲ್ಲಿ ‘ಶುದ್ಧ ಇಂಧನ ಸಹಾಯಕಿ’ ಎಂಬ ಬಿರುದು, ಕೈಯಲ್ಲಿ ಉದ್ದ ಕೋಲಿನ ಬ್ರಷ್, ತಲೆಯ ಮೇಲೆ ಆಕಾಶ. ಒಂದು ತಿಂಗಳು ಎರಡು ವರ್ಷವಾಯಿತು. ಸುಳ್ಳೇಕೆ ಹೇಳಲಿ, ಆ ಕೆಲಸವೆಂದರೆ ನನಗೆ ಪ್ರಾಣ.

ಗಂಡನ ಮೇಲೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ನಾನು ಒಂದು ಸಾಲು ಒರೆಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಈ ಪುಣ್ಯಾತ್ಮ ಇನ್ನೊಂದು ಸಾಲು ಬೆಳ್ಳಗೆ ಮಾಡಿರುತ್ತಿದ್ದರು. ಮನೆಗೆ ಹೋಗುವ ದಾರಿಯುದ್ದಕ್ಕೂ ಇದೇ ಜಗಳ.

“ಅದರ ಮೂತಿ ಒಂಚೂರು ಆ ಕಡೆ ತಿರುಗಿಸಿದ್ರೆ ನಿಮ್ಮ ಗಂಟೇನು ಹೋಗುತ್ತೆ?”

“ಕುತ್ತಿಗೆ ಹಿಡ್ಕೊಂಡಿದೆ ಕಣೇ. ತಿರುಗಲ್ಲ.”

“ನಿಮಗೆ ಸೋಮಾರಿತನ ಹಿಡ್ಕೊಂಡಿದೆ, ಅದು ಹೇಳಿ.”

ಬೈದು ಬೈದು ನನ್ನ ಬಾಯಿ ನೋಯಬೇಕು ಅಷ್ಟೇ.

ಈ ವರ್ಷ ಕಂಪನಿಗೆ ಜ್ಞಾನೋದಯವಾಯಿತು. ಹೊಗೆ ಕಡಿಮೆ ಮಾಡುವುದು ಹೇಗೆಂದು ಹೇಳಿಕೊಡಲು ಒಬ್ಬ ಸಲಹೆಗಾರರು ಹೆಲಿಕಾಪ್ಟರಿನಲ್ಲಿ ಬಂದಿಳಿದರು. ಹಿಂದಿನ ದಿನವೇ ಮ್ಯಾನೇಜರ್ ನಮ್ಮಿಬ್ಬರನ್ನೂ ಕರೆದು, “ಬೆಟ್ಟದ ಮೇಲಿನ ಎರಡು ಕೆಲಸದಲ್ಲಿ ಒಂದನ್ನ ತೆಗೀತಾರೆ. ಯಾವುದು ಅಂತ ಅವರೇ ನೋಡಿ ಹೇಳ್ತಾರೆ,” ಎಂದು ತಿಳಿಸಿ, ಟೀ ಕೂಡ ಕುಡಿಸಿದ್ದರು. ನನ್ನ ಹಳೆಯ ಒಗೆಯುವ ಕೋಣೆ ಮುಚ್ಚಿಹೋಗಿತ್ತು. ಇವರಿಗೆ ಐವತ್ಮೂರು, ಮಿಷನ್ ಬಿಟ್ಟರೆ ಬೇರೆ ಪ್ರಪಂಚ ಗೊತ್ತಿಲ್ಲ. ಒಬ್ಬರ ದುಡಿಮೆಯಲ್ಲಿ ಮನೆ ನಡೆಯುವುದಿಲ್ಲ ಎಂಬುದಂತೂ ಇಬ್ಬರಿಗೂ ಗೊತ್ತಿತ್ತು.

ಸಲಹೆಗಾರರು ಮಿಷನ್ನಿನ ಸುತ್ತ ಎರಡು ಸುತ್ತು ಬಂದರು. ಪ್ಯಾನೆಲ್ ನೋಡಿದರು, ನನ್ನ ಬ್ರಷ್ ನೋಡಿದರು. ಆಮೇಲೆ ಇವರನ್ನು ಕೇಳಿದರು.

“ಇದರ ಬಾಯಿ ಆ ಕಡೆ ತಿರುಗಿಸಿದ್ರೆ ಪ್ಯಾನೆಲ್ ಮೇಲೆ ಹಿಮ ಬೀಳಲ್ಲ, ಅಲ್ವಾ?”

“ತಿರುಗಲ್ಲ ಸಾರ್. ಬಂದಾಗಿನಿಂದ್ಲೂ ಕುತ್ತಿಗೆ ಹಿಡ್ಕೊಂಡಿದೆ.”

“ಓಹೋ! ಹಾಗಾದ್ರೆ ಇದನ್ನ ಗುಜರಿಗೆ ಹಾಕಿ. ತಾನೇ ನಡೆಯೋ ಹೊಸ ಮಿಷನ್ ಬಂದಿದೆ. ಅದಕ್ಕೆ ಆಪರೇಟರ್ ಬೇಕಾಗಿಲ್ಲ.”

ಮ್ಯಾನೇಜರ್ ತಲೆಯಾಡಿಸಿದರು. ನಮ್ಮವರ ಮುಖ ಬಿಳಿಚಿಕೊಂಡಿತು. ಆದರೂ ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಬೂಟಿನ ತುದಿ ನೋಡುತ್ತ ನಿಂತರು.

ಸೋಮಾರಿತನಕ್ಕೂ ಒಂದು ಮಿತಿ ಬೇಡವೇ? ಬ್ರಷ್ ಬಿಸಾಕಿದೆ.

“ಇವರ ಮಾತು ಕೇಳ್ಬೇಡಿ ಸಾರ್! ಮಿಷನ್ ಚೆನ್ನಾಗಿದೆ. ಕೈ ಹಾಕೋಕೆ ಇವರಿಗೆ ಸೋಮಾರಿತನ, ಅಷ್ಟೇ.”

“ಸುಮ್ನಿರೇ,” ಅಂದರು. ಆ ದನಿಯಲ್ಲಿ ಅಂಗಲಾಚುವಿಕೆ ಇತ್ತು. ಗಂಡನ ಮಾತು ಕೇಳಿ ಸುಮ್ಮನಾಗುವ ಅಭ್ಯಾಸ ನನಗೆಲ್ಲಿಂದ ಬರಬೇಕು? ಮಿಷನ್ನಿನ ಕುತ್ತಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಾಲು ಊರಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ನೂಕಿದೆ.

ಅಷ್ಟು ಶಕ್ತಿ ಬೇಕಿರಲೇ ಇಲ್ಲ. ಅದು ಸಲೀಸಾಗಿ ಗರ್ರನೆ ತಿರುಗಿತು, ನಾನು ಮುಗ್ಗರಿಸಿ ಬಿದ್ದೆ. ಎದ್ದು ನೋಡಿಕೊಂಡರೆ ಅಂಗೈ ತುಂಬ ಗ್ರೀಸ್. ಹೊಸದು, ಮೊನ್ನೆ ಮೊನ್ನೆ ಹಚ್ಚಿದ್ದು. ಸೋಮಾರಿಗಳು ಯಾರೂ ತಿರುಗದ ಕುತ್ತಿಗೆಗೆ ಗ್ರೀಸ್ ಹಚ್ಚುವುದಿಲ್ಲ. ಮಿಷನ್ನಿನ ಬಾಯಿ ಈಗ ಇಳಿಜಾರಿನ ಕಡೆಗಿತ್ತು. ಪ್ಯಾನೆಲ್‌ಗಳ ಮೇಲೆ ಒಂದು ಚೂರು ಹಿಮವೂ ಬೀಳುತ್ತಿರಲಿಲ್ಲ. ಇವರು ಎರಡು ವರ್ಷ ಅದನ್ನೇಕೆ ತಿರುಗಿಸಲಿಲ್ಲ ಎಂಬುದು ನನಗೆ ಆಗ ಅರ್ಥವಾಯಿತು.

ಸಲಹೆಗಾರರು ಚಪ್ಪಾಳೆ ತಟ್ಟಿದರು. “ಅದ್ಭುತ! ಹೊಸ ಮಿಷನ್ ಬೇಕಾಗಿಲ್ಲ, ಆಪರೇಟರ್ ಇರಲಿ. ಇನ್ನು ಪ್ಯಾನೆಲ್ ಒರೆಸೋ ಕೆಲಸವೇ ಇಲ್ಲ! ಅಮ್ಮ, ನಿಮ್ಮಂಥವರಿಂದಲೇ ಈ ಭೂಮಿ ಉಳಿಯೋದು.” ನನ್ನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಫೋಟೋ ಮುಗಿದ ಮೇಲೆ ಮ್ಯಾನೇಜರ್ ಬಹಳ ಮರ್ಯಾದೆಯಿಂದ ಜಾಕೆಟ್ ವಾಪಸ್ ಕೇಳಿದರು.

ಮನೆಯ ಕಡೆ ಇಳಿಯುವಾಗ ಜಾಕೆಟ್ ಇಲ್ಲದೆ ಚಳಿಯಾಗುತ್ತಿತ್ತು. ಅವರು ತಮ್ಮ ಕೋಟು ಬಿಚ್ಚಿ ನನ್ನ ಹೆಗಲಿಗೆ ಹಾಕಿದರು.

“ಮೊದಲಿಂದ್ಲೂ ತಿರುಗ್ತಿತ್ತಾ?” ಕೇಳಿದೆ.

“ಹೂಂ.”

“ಎರಡು ವರ್ಷ ನನ್ನ ಕೈಲಿ ಬೈಸ್ಕೊಂಡ್ರಲ್ಲ. ಒಂದು ಮಾತು ನನಗೆ ಹೇಳಬಾರದಿತ್ತಾ?”

“ಹೇಳಿದ್ರೆ, ಅದು ಮೋಸ ಅಂತ ನೀನೇ ಬಂದು ತಿರುಗಿಸಿರ್ತಿದ್ದೆ,” ಅಂದರು.

ಹೌದು, ತಿರುಗಿಸಿರುತ್ತಿದ್ದೆ.