ಮೊಣಕೈ ತಿರುವಿನಲ್ಲಿ ಓಡಿಸಿದವರು ಯಾರು

ಗಂಡ ಥೇನ್ ತೀರಿಕೊಂಡ ಮೇಲೆ ಬಂದ ಮೊದಲ ಅಕ್ಟೋಬರಿನಲ್ಲಿ ನಾನು ಒಬ್ಬಳೇ ಕೊಳ್ಳಕ್ಕೆ ಹೊರಟೆ. ಬೇಡ ಎಂದವರು ಒಬ್ಬಿಬ್ಬರಲ್ಲ. ಮಗ ಕರ್ಟಿಸ್ ಎರಡು ಸಲ ಮನೆಗೆ ಬಂದು ಹೇಳಿದ. ಸೊಸೆ ಫೋನಿನಲ್ಲಿ ಅತ್ತಳು. ನಮ್ಮ ಚರ್ಚಿನಲ್ಲಿ ಬಿಷಪ್ ಎಂದರೆ ಊರಿನವನೇ ಒಬ್ಬ; ವಾರದ ದಿನಗಳಲ್ಲಿ ಟೈರ್ ಅಂಗಡಿ ನಡೆಸುತ್ತಾನೆ. ಅವನು ನನ್ನ ಜೀಪಿನ ಟೈರಿಗೆ ಗಾಳಿ ತುಂಬುತ್ತಲೇ, ಥೇನ್ ಇದ್ದಾಗಿನ ಮಾತು ಬೇರೆ ನೆಡ್ರಾ, ಆ ದಾರಿಯ ಒಂದೊಂದು ಕಲ್ಲೂ ಅವನಿಗೆ ಗೊತ್ತಿತ್ತು, ಎಂದ. ನಾನು ಬಾಯಿ ಬಿಗಿಹಿಡಿದು ಬಂದೆ. ಬಾಯಿ ಬಿಟ್ಟಿದ್ದರೆ ಆ ಭಾನುವಾರ ಅವನ ಮುಖ ನೋಡಲು ಆಗುತ್ತಿರಲಿಲ್ಲ.

ಸಂಗತಿ ಹೀಗಿದೆ. ನಮ್ಮೂರು ಯೂಟಾದ ದಕ್ಷಿಣದ ತುದಿಯಲ್ಲಿದೆ. ಟಾರು ರಸ್ತೆ ಮುಗಿದಲ್ಲಿಂದ ಕೆಂಪು ಬಂಡೆಯ ಮರುಭೂಮಿ. ಮಕ್ಕಳು ತಮ್ಮ ತಮ್ಮ ಸಂಸಾರ ಹೂಡಿದ ಮೇಲೆ ನಾನೂ ಥೇನ್ ಕೂಡ ಪ್ರತಿ ಅಕ್ಟೋಬರಿನಲ್ಲಿ ನಾಲ್ಕು ದಿನ ಕೊಳ್ಳದಲ್ಲಿ ಡೇರೆ ಹಾಕಿಕೊಂಡು ಇರುತ್ತಿದ್ದೆವು. ಹತ್ತೊಂಬತ್ತು ವರ್ಷ ಹೋದೆವು. ಊರು ಬಿಡುವಾಗ ಸ್ಟೀರಿಂಗ್ ಹಿಡಿದು ಕೂರುತ್ತಿದ್ದವನು ಅವನು. ದನ ಸಾಕುವ ಲಮಾರ್‌ನ ಬೇಲಿ ದಾಟಿದ್ದೇ ತಡ, ಜೀಪು ನಿಲ್ಲುತ್ತಿತ್ತು. ಅವನು ಇಳಿದು ನನ್ನ ಸೀಟಿಗೆ ಬರುತ್ತಿದ್ದ, ನಾನು ಅವನ ಸೀಟಿಗೆ ಹೋಗುತ್ತಿದ್ದೆ. ಮುಂದಿನ ನಲವತ್ತು ಮೈಲಿ ಓಡಿಸುತ್ತಿದ್ದವಳು ನಾನು. ಥೇನ್‌ಗೆ ಎತ್ತರವೆಂದರೆ ಪ್ರಾಣಭಯ. ಮನೆಯ ಮಾಡು ಸೋರಿದರೂ ಏಣಿ ಹತ್ತುತ್ತಿದ್ದವಳು ನಾನೇ.

ಐವತ್ತರ ದಶಕದಲ್ಲಿ ಯುರೇನಿಯಂ ಅಗೆಯಲು ಬಂದವರು ಅಲ್ಲಿ ಬಂಡೆಯ ಗೋಡೆಯನ್ನು ಕೊರೆದು ಒಂದೇ ಗಾಡಿ ಹಿಡಿಯುವಷ್ಟು ದಾರಿ ಮಾಡಿದ್ದಾರೆ. ಒಳಗೆ ಹೋಗುವಾಗ ಎಡಕ್ಕೆ ಗೋಡೆ, ಬಲಕ್ಕೆ ಆರುನೂರು ಅಡಿ ಬರೀ ಗಾಳಿ. ನಡುವೆ ಮಡಿಸಿದ ಮೊಣಕೈಯಂಥ ತಿರುವು. ನಾನು ಹದಿಮೂರನೇ ವಯಸ್ಸಿಗೇ ಅಪ್ಪನ ನೀರಿನ ಟ್ರಕ್ಕನ್ನು ಆ ತಿರುವು ದಾಟಿಸಿ ದನಗಳ ಬಳಿಗೆ ಒಯ್ದವಳು. ಥೇನ್ ಅಲ್ಲಿ ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಸೀಟು ಅವುಚಿ ಹಿಡಿದು, ಚರ್ಚಿನ ಹಾಡೊಂದನ್ನು ಗುನುಗುತ್ತ ಕೂರುತ್ತಿದ್ದ.

ಊರಿಗೆ ಬಂದ ಮೇಲೆ ಕಥೆ ಬದಲಾಗುತ್ತಿತ್ತು. ಚರ್ಚಿನ ಊಟಗಳಲ್ಲಿ ಥೇನ್ ಕುರ್ಚಿಯ ಮೇಲೆ ಮುಂದಕ್ಕೆ ಬಾಗಿ, ಗಾಳಿಯಲ್ಲೇ ಸ್ಟೀರಿಂಗ್ ತಿರುಗಿಸಿ ತೋರಿಸುತ್ತಿದ್ದ. ಹಿಂದಿನ ಚಕ್ರಕ್ಕೂ ಅಂಚಿಗೂ ನಾಲ್ಕೇ ಬೆರಳು ಅಂತರ ಇತ್ತು, ಎನ್ನುತ್ತಿದ್ದ. ಮೊದಲ ವರ್ಷ ನಾನೂ ಎಲ್ಲರ ಜೊತೆ ನಕ್ಕೆ. ಗಂಡನ ಮರ್ಯಾದೆ, ಇರಲಿ ಎಂದುಕೊಂಡೆ. ಐದನೆಯ ವರ್ಷದ ಹೊತ್ತಿಗೆ ಅವನು ಶುರುಮಾಡಿದ ಕೂಡಲೇ ನಾನು ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೋಗುತ್ತಿದ್ದೆ. ಕೊನೆಗೆ ಕ್ಯಾನ್ಸರ್ ಬಂದು ಮಲಗಿದಾಗ ಬಿಷಪ್ ಹಾಸಿಗೆಯ ಪಕ್ಕ ಕೂತು ಅದೇ ಕಥೆ ತೆಗೆದ. ಮೊಣಕೈ ತಿರುವಲ್ಲಿ ನಿನ್ನಂಥ ಗುಂಡಿಗೆ ಯಾರಿಗಿದೆ ಥೇನ್, ಎಂದ. ಮಾತಾಡಲು ಶಕ್ತಿಯಿಲ್ಲದ ನನ್ನ ಗಂಡ ತಲೆಯಾಡಿಸಿದ. ನಾನು ಅವನ ಪಾದ ಒತ್ತುತ್ತ ಅಲ್ಲೇ ಇದ್ದೆ. ಒಮ್ಮೆ ನನ್ನ ಕಡೆ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ.

ಅಂತ್ಯಕ್ರಿಯೆಯ ದಿನ ಕರ್ಟಿಸ್ ಮುನ್ನೂರು ಜನರೆದುರು ನಿಂತು, ಅಪ್ಪ ಸಾವಿನ ಅಂಚಿನಲ್ಲಿ ಗಾಡಿ ಓಡಿಸುವಾಗ ಅಮ್ಮ ಪಕ್ಕದಲ್ಲಿ ಸ್ಯಾಂಡ್‌ವಿಚ್ ಸುತ್ತಿಕೊಡುತ್ತಿದ್ದಳು, ಎಂದ. ಜನ ಅಳುತ್ತಲೇ ನಕ್ಕರು. ಆವತ್ತು ಹೊತ್ತಿಕೊಂಡ ಸಿಟ್ಟು ಹೊರಡುವ ದಿನವೂ ಆರಿರಲಿಲ್ಲ.

ಹತ್ತು ಗ್ಯಾಲನ್ ನೀರು, ಎರಡು ಕ್ಯಾನು ಪೆಟ್ರೋಲು, ಎರಕದ ಪಾತ್ರೆ, ಇದ್ದಿಲು, ಬೀನ್ಸು, ಜೋಳದ ಹಿಟ್ಟು ತುಂಬಿಕೊಂಡು ಗುರುವಾರ ಬೆಳಿಗ್ಗೆ ಹೊರಟೆ. ಬೇಲಿ ದಾಟಿದ ಮೇಲೆ ಇಳಿದು, ಮರಳಿನಲ್ಲಿ ಹೂತುಹೋಗದಂತೆ ನಾಲ್ಕೂ ಟೈರುಗಳ ಗಾಳಿ ಅರ್ಧಕ್ಕಿಳಿಸಿದೆ. ಜೀಪು ಮರಳಿನ ಹಳ್ಳವನ್ನು ಸಲೀಸಾಗಿ ದಾಟಿತು. ಲಮಾರ್‌ನ ಹಳೆಯ ಗಾಳಿಯಂತ್ರ, ಅದರ ಬುಡದಲ್ಲಿ ದನ ನೀರು ಕುಡಿಯುವ ಕಬ್ಬಿಣದ ತೊಟ್ಟಿ ಇರುವಲ್ಲಿ ಹಿಂದಿನ ಟೈರಿಗೆ ಚೂಪುಗಲ್ಲು ಹೊಕ್ಕು ಪಂಕ್ಚರ್ ಆಯಿತು. ಸ್ಟೆಪ್ನಿ ಬಿಚ್ಚಿದೆ. ಅದರ ಹಿಂದೆ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿಯೊಂದು ಅಯಸ್ಕಾಂತದಿಂದ ಅಂಟಿಕೊಂಡಿತ್ತು. ಮಿಣಿಮಿಣಿ ಹಸಿರು ದೀಪ. ಗಾಡಿ ಎಲ್ಲಿದೆಯೆಂದು ಉಪಗ್ರಹದ ಮೂಲಕ ಮನೆಗೆ ಹೇಳುವ ಯಂತ್ರ.

ಕರ್ಟಿಸ್ ನಮ್ಮೂರಿನಲ್ಲೇ ಔಷಧದಂಗಡಿ ಇಟ್ಟಿದ್ದಾನೆ. ಹಿಂದಿನ ದಿನ ಬಂದು, ಆಯ್ತಮ್ಮ, ನಿನ್ನಿಷ್ಟ, ಎಂದು ನನ್ನ ಹಣೆಗೆ ಮುತ್ತಿಟ್ಟು ಹೋಗಿದ್ದ. ಮುತ್ತಿಡುವ ಮೊದಲೋ ಆಮೇಲೋ ಇದನ್ನು ಅಂಟಿಸಿದ್ದಾನೆ. ಊರ ಹಸುಗಳ ಕಿವಿಗೆ ಬಿಲ್ಲೆ ಹೊಡೆಯುವಾಗಲಾದರೂ ಹಸುವಿಗೆ ಗೊತ್ತಾಗುತ್ತದೆ.

ಕೇಳಿದ್ದರೆ ಒಪ್ಪುತ್ತಿದ್ದೆನೋ ಏನೋ. ಆಗ ಅದನ್ನು ಕಲ್ಲಿನಿಂದ ಜಜ್ಜಬೇಕೆನ್ನಿಸಿತು. ಕಲ್ಲು ಎತ್ತಿಯೂ ಎತ್ತಿದೆ. ಆಮೇಲೆ ಅದಕ್ಕಿಂತ ಕೆಟ್ಟದ್ದೊಂದು ಹೊಳೆಯಿತು. ಟೈರು ಬದಲಿಸಿ, ಡಬ್ಬಿಯನ್ನು ತೊಟ್ಟಿಯ ಅಂಚಿಗೆ ಅಂಟಿಸಿ, ನೋಡ್ತಾ ಕೂತಿರು ಮಗನೇ, ಎಂದು ಹೇಳಿ ಜೀಪು ಹತ್ತಿದೆ. ಮಾಡಿದ್ದು ತಪ್ಪೆಂದು ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಕೊಳ್ಳದ ತಳದಲ್ಲಿ, ಕಾಟನ್‌ವುಡ್ ಮರಗಳ ಎಲೆ ಹಳದಿಗೆ ತಿರುಗಿದ್ದ ಕಡೆ, ಎರಡು ದಿನ ಇದ್ದೆ. ಬೀನ್ಸ್ ಬೇಯಿಸಿದೆ, ಜೋಳದ ರೊಟ್ಟಿ ಸುಟ್ಟೆ, ಕಮರಿಯ ಸಂದುಗಳಲ್ಲಿ ನಡೆದೆ. ಸಂತೋಷ ಪಟ್ಟೆನೆಂದು ಹೇಳಲಾರೆ. ಇಬ್ಬರಿಗೆ ಸಾಕಾಗುವ ಡೇರೆಯಲ್ಲಿ ಒಬ್ಬಳೇ ಕೂತು, ಸತ್ತವನ ಜೊತೆ ಬಾಯಿಬಿಟ್ಟು ಜಗಳವಾಡಿದೆ. ಆ ಕೊಳ್ಳದಲ್ಲಿ ಯಾವ ಮಾತೂ ಸುಮ್ಮನೆ ಹೋಗುವುದಿಲ್ಲ, ಗೋಡೆಗೆ ಬಡಿದು ಮರಳಿ ಬರುತ್ತದೆ. ನನ್ನ ಬೈಗುಳ ನನಗೇ ಕೇಳಿಸಿತು. ಅದು ಇನ್ನಷ್ಟು ಸಿಟ್ಟು ತರಿಸಿತು.

ಶನಿವಾರ ಬೆಳಿಗ್ಗೆ ವಾಪಸು ಹೊರಟೆ. ಮೊಣಕೈ ತಿರುವಿಗೆ ಬಂದಾಗ ಎಂದಿನಂತೆ ಗಾಡಿ ನಿಲ್ಲಿಸಿ, ಮುಂದೆ ಕಲ್ಲು ಉರುಳಿದೆಯೋ ಏನೋ ನೋಡಲು ನಡೆದುಕೊಂಡು ಹೋದೆ. ಕಲ್ಲಿರಲಿಲ್ಲ. ಕರ್ಟಿಸ್‌ನ ಹೊಸ ಪಿಕಪ್ ದಾರಿಯ ತುಂಬ ನಿಂತಿತ್ತು. ಎಡಗಡೆಯ ಕನ್ನಡಿ ಬಂಡೆಗೆ ಉಜ್ಜಿ ಒಡೆದಿತ್ತು. ನಮ್ಮ ಮಗ ಗೋಡೆಗೆ ಬೆನ್ನು ಒತ್ತಿ, ಕಂಬಳಿ ಹೊದ್ದು ಕೂತಿದ್ದ. ಮುಖ ಬಿಳಿಚಿಕೊಂಡಿತ್ತು. ನನ್ನನ್ನು ಕಂಡು ಏಳಲು ಹೋದ; ಎದುರಿನ ಪ್ರಪಾತ ನೋಡಿ ಮತ್ತೆ ಕೂತ.

"ಅಮ್ಮ, ನೀನು ಬದುಕಿದ್ದೀಯ" ಎಂದ.

"ನಿಂಗೆ ಬೇಜಾರಾಯ್ತಾ?"

"ಒಂದು ದಿನ ಪೂರ್ತಿ ನೀನು ತೊಟ್ಟಿ ಹತ್ರ ಅಲ್ಲಾಡದೆ ನಿಂತಿದ್ದೆ. ನಾನೇನಂತ ತಿಳ್ಕೋಬೇಕಿತ್ತು ಹೇಳು?"

ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಓಡಿಬಂದಿದ್ದ. ಶೆರಿಫ್‌ನ ಕಚೇರಿಗೂ ಫೋನು ಮಾಡಿದ್ದ. ತೊಟ್ಟಿಯ ಮೇಲೆ ಡಬ್ಬಿ ನೋಡಿ, ಯಾರೋ ನನಗೆ ಏನೋ ಮಾಡಿದ್ದಾರೆಂದು ಹೆದರಿ, ನನ್ನ ಟೈರಿನ ಗುರುತು ಹಿಡಿದು ಮುಂದೆ ಬಂದಿದ್ದ. ಆ ಉದ್ದದ ಗಾಡಿ ತಿರುವಿನಲ್ಲಿ ತಿರುಗುವುದಿಲ್ಲವೆಂದು ಗೊತ್ತಾದಾಗ ಹಿಂದೆ ಹೋಗಲು ಧೈರ್ಯ ಉಳಿದಿರಲಿಲ್ಲ. ಬಾಗಿಲು ತೆಗೆಯಲೂ ಜಾಗವಿಲ್ಲದೆ ಕಿಟಕಿಯಿಂದ ನುಸುಳಿ, ಬಾನೆಟ್ಟಿನ ಮೇಲಿಂದ ಇಳಿದು, ರಾತ್ರಿಯೆಲ್ಲ ಅಲ್ಲೇ ಕೂತಿದ್ದ.  ಕೇಳಿ ಪಾಪ ಅನ್ನಿಸಿತು. ಆದರೆ ಅವನು ಅಷ್ಟಕ್ಕೆ ನಿಲ್ಲಿಸಲಿಲ್ಲ.

"ಅಪ್ಪ ಇದ್ದಿದ್ರೆ ನಾನ್ಯಾಕೆ ಹೆದರ್ತಿದ್ದೆ? ಓಡಿಸ್ತಿದ್ದೋನು ಅವನು. ಪಕ್ಕದಲ್ಲಿ ಕೂತಿದ್ದೋಳು ನೀನು. ಇಷ್ಟು ವಯಸ್ಸಾದ ಮೇಲೆ ಅವನ ಥರ ಮಾಡೋಕೆ ಹೋದ್ರೆ ಹೀಗೇ ಆಗೋದು."

ನಾನು ಅವನೆದುರು ಕುಕ್ಕರುಗಾಲಲ್ಲಿ ಕೂತೆ. ನಿಂತು ಹೇಳಿದರೆ ಅರಚುತ್ತೇನೆಂದು ಗೊತ್ತಿತ್ತು.

"ಕೇಳಿಸ್ಕೋ. ನಿಮ್ಮಪ್ಪ ಈ ದಾರೀಲಿ ಒಂದು ಸಲಾನೂ ಸ್ಟೀರಿಂಗ್ ಮುಟ್ಟಿಲ್ಲ. ಇಲ್ಲಿ ಬಂದಾಗೆಲ್ಲ ಕಣ್ಣು ಮುಚ್ಕೊಂಡು ಕೂತಿರ್ತಿದ್ದ. ಹತ್ತೊಂಬತ್ತು ವರ್ಷ, ಹೋಗ್ತಾ ಬರ್ತಾ, ಓಡಿಸಿದ್ದು ನಾನು."

"ಸತ್ತೋನ ಮೇಲೆ ಹಿಂಗೆಲ್ಲ ಹೇಳ್ಬೇಡಮ್ಮ."

"ಬದುಕಿರೋಳ ಮೇಲೆ ನೀನು ಹೇಳಿದ್ದೀಯಲ್ಲ, ಮುನ್ನೂರು ಜನರ ಮುಂದೆ. ಸ್ಯಾಂಡ್‌ವಿಚ್ ಸುತ್ತಿಕೊಡ್ತಿದ್ಲು ಅಂತ."

ಅವನು ನಂಬಲಿಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು. ವಾದ ಮಾಡಲು ನನಗೂ ಇಷ್ಟವಿರಲಿಲ್ಲ. ಗಾಡಿಯ ಮೇಲಿಂದ ದಾಟಿ ಹಿಂದೆ ಹೋಗಿ ನಿಂತು ಕೈಸನ್ನೆ ಮಾಡು, ಎಂದೆ. ಬಾನೆಟ್ಟು ಹತ್ತಿ, ಅರವತ್ತೆರಡರ ಮೈಯನ್ನು ಕಿಟಕಿಯೊಳಗೆ ತೂರಿಸಿದೆ. ಸೊಂಟ ಸಿಕ್ಕಿಕೊಂಡಿತು. ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದೆವು.

ಹಿಂದೆ ಗಾಡಿ ತಿರುಗಿಸುವಷ್ಟು ಅಗಲ ಜಾಗ ಇದ್ದದ್ದು ಮುನ್ನೂರು ಅಡಿ ದೂರದಲ್ಲಿ. ಗಾಡಿ ರಿವರ್ಸ್ ಗೇರಿಗೆ ಹಾಕಿ, ಬ್ರೇಕಿನ ಮೇಲೆ ಕಾಲಿಟ್ಟು, ಅಂಗುಲಂಗುಲವಾಗಿ ಹಿಂದೆ ಬಿಟ್ಟೆ. ನನ್ನದಲ್ಲದ ಗಾಡಿ, ಮೂಗು ಎಲ್ಲಿ ಬಾಲ ಎಲ್ಲಿ ಎಂದು ಮೈಗೆ ಹತ್ತಿರಲಿಲ್ಲ. ಅರ್ಧ ದಾರಿಯಲ್ಲಿ ಬಲಗಡೆಯ ಹಿಂಚಕ್ರದ ಕೆಳಗೆ ಅಂಚು ಪುಡಿಯಾಯಿತು. ಗಾಡಿ ಧಡಕ್ಕನೆ ವಾಲಿತು. ಕೆಳಗೆ ಕಲ್ಲುಗಳು ಬೀಳುವ ಸದ್ದು ಬಹಳ ಹೊತ್ತು ಕೇಳಿಸಿತು. ಕರ್ಟಿಸ್ ಗೋಡೆಗೆ ಅಂಟಿಕೊಂಡ.

ಬ್ರೇಕಿನಿಂದ ಕಾಲು ತೆಗೆಯುವಂತಿರಲಿಲ್ಲ. ನಾನು ಕಿಟಕಿಯಿಂದ ಹೇಳಿದೆ: "ಹೊಟ್ಟೆ ಮೇಲೆ ಮಲಕ್ಕೋ. ತೆವಳ್ಕೊಂಡು ಬಾ. ಗೋಡೆ ಕಡೆಯಿಂದ ಚಪ್ಪಟೆ ಕಲ್ಲು ತಂದು ಚಕ್ರದ ಕೆಳಗೆ ತುಂಬು. ಕೆಳಗೆ ನೋಡ್ಬೇಡ, ಚಕ್ರ ನೋಡು."

ಅವನು ಮಾಡಿದ. ನನ್ನ ಮಗನ ಬಗ್ಗೆ ಎಷ್ಟೇ ಸಿಟ್ಟಿರಲಿ, ಇದನ್ನು ಹೇಳಲೇಬೇಕು. ಅಪ್ಪನ ಭಯವೇ ಅವನಿಗೂ ಬಂದಿದೆಯೆಂದು ಆವತ್ತು ಕಂಡೆ. ಆದರೂ ಅಂಚಿಗೆ ಮುಖ ಇಟ್ಟು ಮಲಗಿ, ಗುಳಿಗೆ ಎಣಿಸಿ ಮೆತ್ತಗಾದ ಕೈಗಳಿಂದ ಇಪ್ಪತ್ತು ನಿಮಿಷ ಕಲ್ಲು ತುಂಬಿದ. ಬೆರಳೆಲ್ಲ ರಕ್ತವಾಯಿತು. ದೂರ ಸರಿ, ಎಂದೆ. ಆಕ್ಸಿಲರೇಟರನ್ನು ಉಸಿರಿನಷ್ಟು ಒತ್ತಿದೆ. ಚಕ್ರ ಕಲ್ಲಿನ ಮೇಲೇರಿತು, ಜಾರಿತು, ಮತ್ತೆ ಏರಿ ಹಿಡಿದುಕೊಂಡಿತು. ಅಗಲ ಜಾಗಕ್ಕೆ ಬಂದು ಎಂಜಿನ್ ಆರಿಸಿ, ಬಾಗಿಲು ತೆಗೆದು ಇಳಿದೆ.

ಪಿಕಪ್ಪಿನಲ್ಲಿದ್ದ ನೀರು ಅವನಿಗೆ ಕೊಟ್ಟೆ. ಕೈ ತೊಳೆದು ಬಟ್ಟೆ ಸುತ್ತಿದೆ. ಅವನು ದಾರಿಯ ಕಡೆ ತಿರುಗಿ ಕೇಳಿದ.

"ಅಪ್ಪ ಒಂದು ಸಲಾನೂ ಇಲ್ವಾ?"

"ಇಲ್ಲ."

"ಮತ್ತೆ ನೀನ್ಯಾಕೆ ಸುಮ್ನಿದ್ದೆ?"

"ಅವನೇ ಹೇಳ್ತಾನೆ ಅಂತ ಕಾದೆ ಕಣೋ. ಸಾಯೋವರ್ಗೂ ಕಾದೆ."

ಅಷ್ಟು ಹೇಳಿ ನಡೆದುಹೋಗಿ ನನ್ನ ಜೀಪು ತಂದೆ. ಅವನು ಮುಂದೆ, ನಾನು ಹಿಂದೆ. ತೊಟ್ಟಿಯ ಬಳಿ ಶೆರಿಫ್‌ನ ಸಹಾಯಕನೂ ಹುಡುಕಲು ಬಂದ ನಾಲ್ವರೂ ಇದ್ದರು. ಸಹಾಯಕ ನನ್ನನ್ನು ಎಲ್ಲರೆದುರು ಚೆನ್ನಾಗಿ ಬೈದ. ಬೈಸಿಕೊಂಡೆ. ಆ ನಾಲ್ವರಲ್ಲಿ ಲಮಾರ್ ಒಬ್ಬ. ವರ್ಷಕ್ಕೊಮ್ಮೆ ಸಿಗುವ ಜಿಂಕೆ ಬೇಟೆಯ ದಿನ ನನಗಾಗಿ ಬಿಟ್ಟು ಬಂದಿದ್ದ. ಅವನ ಕೈ ಹಿಡಿದು ತಪ್ಪಾಯಿತೆಂದೆ. ಕರ್ಟಿಸ್‌ಗೆ ಮಾತ್ರ ಆ ಮಾತು ಹೇಳಲಿಲ್ಲ.

ಎರಡು ವಾರ ನಮ್ಮಿಬ್ಬರಿಗೆ ಮಾತಿರಲಿಲ್ಲ. ನಮ್ಮ ಚರ್ಚಿನಲ್ಲಿ ತಿಂಗಳ ಮೊದಲ ಭಾನುವಾರ ಯಾರು ಬೇಕಾದರೂ ಎದ್ದುಹೋಗಿ ಮನಸ್ಸಿನಲ್ಲಿದ್ದುದನ್ನು ಹೇಳಬಹುದು. ನವೆಂಬರಿನ ಆ ಭಾನುವಾರ ಕರ್ಟಿಸ್ ಎದ್ದ. ಮರುಭೂಮಿಯಲ್ಲಿ ಅಮ್ಮ ತನ್ನ ಜೀವ ಉಳಿಸಿದಳೆಂದ, ಅತ್ತ. ಅಪ್ಪ ಅಮ್ಮ ಇಬ್ಬರೂ ಸರದಿ ಮೇಲೆ ಆ ದಾರಿಯಲ್ಲಿ ಗಾಡಿ ಓಡಿಸುತ್ತಿದ್ದರು, ಇದು ನಮಗೆ ತಿಳಿದಿರಲಿಲ್ಲ, ಎಂದ.

ಹೊರಗೆ ಕಾರುಗಳ ನಡುವೆ ಅವನನ್ನು ಹಿಡಿದೆ.

"ಸರದಿ ಮೇಲಾ?"

"ಅಷ್ಟು ಹೇಳೋದ್ರೊಳಗೇ ಸಾಕಾಗೋಯ್ತಮ್ಮ. ಎಲ್ಲ ಅಪ್ಪನ ಸ್ನೇಹಿತರು."

"ಡಿಸೆಂಬರಲ್ಲೂ ಮೊದಲ ಭಾನುವಾರ ಬರುತ್ತೆ. ಸರಿಯಾಗಿ ಹೇಳು. ಇಲ್ಲಾಂದ್ರೆ ನಾನು ಹೇಳ್ತೀನಿ."

ನಡುವೆ ಬಿಷಪ್ ಮನೆಗೆ ಬಂದ. ಹೋದವನ ಹೆಸರಿಗೆ ಯಾಕೆ ಮಸಿ, ಊರಿಗೆ ಒಂದು ಒಳ್ಳೆಯ ನೆನಪು ಇರಲಿ, ಎಂದ. ನಿನ್ನ ಆ ಒಳ್ಳೆಯ ನೆನಪಿಗಾಗಿ ನಾನು ಇನ್ನೆಷ್ಟು ವರ್ಷ ಪಾತ್ರೆ ತೊಳೆಯಬೇಕು, ಎಂದು ಕೇಳಿದೆ. ಅವನಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳುವ ತಾಳ್ಮೆ ನನಗಿರಲಿಲ್ಲ.

ಡಿಸೆಂಬರಿನಲ್ಲಿ ಕರ್ಟಿಸ್ ಬೆಂಚು ಬಿಟ್ಟು ಏಳಲಿಲ್ಲ. ಐದು ನಿಮಿಷ ಕಾದು ನಾನೇ ಎದ್ದೆ. ಇಪ್ಪತ್ತೇಳು ವರ್ಷ ಶಾಲೆಯ ಊಟದ ಕೋಣೆಯಲ್ಲಿ ಆ ಜನರ ಮಕ್ಕಳಿಗೆಲ್ಲ ಬಡಿಸಿದವಳು ನಾನು. ಅವರ ಮುಂದೆ ನಿಂತು ಮಾತಾಡಿದ್ದು ಅದೇ ಮೊದಲು. ಬೇಲಿ ದಾಟಿ ಸೀಟು ಬದಲಿಸುತ್ತಿದ್ದುದು, ಅವನು ಕಣ್ಣು ಮುಚ್ಚುತ್ತಿದ್ದುದು, ಎಲ್ಲ ಹೇಳಿದೆ.  ಸಿಟ್ಟಿನಿಂದಲೇ ಹೇಳಿ ಮುಗಿಸುತ್ತೇನೆ ಅಂದುಕೊಂಡಿದ್ದೆ. ಆದರೆ ಅಷ್ಟು ಹೆದರುತ್ತಿದ್ದವನು ನನ್ನ ಜೊತೆ ಹತ್ತೊಂಬತ್ತು ಸಲವೂ ಬಂದ, ಒಂದು ಸಲವೂ ಬರುವುದಿಲ್ಲ ಎನ್ನಲಿಲ್ಲ, ಎಂಬ ಮಾತು ಬಾಯಿಗೆ ಬಂತು. ಅದನ್ನೂ ಹೇಳಿದೆ. ಆಮೇಲೆ, ಅವನು ಬದುಕಿದ್ದಾಗ ಇದನ್ನು ಇಲ್ಲಿ ನಿಂತು ಹೇಳಬೇಕಾಗಿದ್ದವನು ಅವನೇ, ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ, ಎಂದು ಹೇಳಿ ಇಳಿದು ಬಂದೆ.

ಕರ್ಟಿಸ್ ಸರಿದು ನನಗೆ ಜಾಗ ಬಿಟ್ಟ. ನಾನು ಕೂತೆ.