ಎತ್ತಿದ ಸುತ್ತಿಗೆ

ನನ್ನಪ್ಪ ಈಗ ನನ್ನನ್ನು ಡ್ರೈವರ್ ಅನ್ನುತ್ತಾನೆ. ಸೈಕಲ್ ಬಿಟ್ಟರೆ ನನಗೆ ಬೇರೇನೂ ಓಡಿಸಲು ಬರುವುದಿಲ್ಲ.

"ಡ್ರೈವರೇ, ನಿಮ್ದು ತಿಂಡಿ ಆಯ್ತಾ?" ಎಂದು ಬಹುವಚನದಲ್ಲಿ ಕೇಳುತ್ತಾನೆ. ಜೀವಮಾನವಿಡೀ ನನ್ನನ್ನು ಕತ್ತೆ ಎಂದು ಬೈದ ಬಾಯಿ ಅದು. ಈ ಮರ್ಯಾದೆ ಕೇಳಿದರೆ ಮೈಯೆಲ್ಲ ಉರಿಯುತ್ತದೆ.

ಮೊನ್ನೆ ಅವನು ಗ್ಯಾಸ್ ತಿರುಗಿಸಿ, ಹಚ್ಚದೆ, ಬೀದಿಗೆ ಹೋಗಿದ್ದ. ಅಕ್ಕ ವೃದ್ಧಾಶ್ರಮದಲ್ಲಿ ಮಾತಾಡಿ ಬಂದಳು. ನಾನು ರಂಪ ಮಾಡಿದೆ.

"ಕೂಗ್ಬೇಡ," ಅಂದಳು. "ಒಂದ್ಸಲ, ಒಂದೇ ಒಂದ್ಸಲ ನಿನ್ನನ್ನ ಮಗ ಅಂತ ಗುರುತು ಹಿಡೀಲಿ. ಮನೇಲೇ ಇಟ್ಕೋ. ಇಲ್ಲಾಂದ್ರೆ ಸೋಮವಾರ ಬಿಟ್ಟು ಬರೋದೇ."

ಆಗ ನನಗೆ ಮ್ಯೂಸಿಯಂ ನೆನಪಾಯಿತು. ರಸ್ತೆ ಅಗಲ ಮಾಡುವವರು ನಮ್ಮ ಕುಲುಮೆ ಕೆಡವಿದಾಗ, ಸರ್ಕಾರಿ ವಸ್ತುಸಂಗ್ರಹಾಲಯದವರು ಬಂದು ಗಾಳಿ ಊದುವ ತಿದಿ, ಕಬ್ಬಿಣ ಬಡಿಯುವ ಅಡಿಗಲ್ಲು, ಇಕ್ಕಳ ಎಲ್ಲವನ್ನೂ ಹೊತ್ತುಕೊಂಡು ಹೋಗಿದ್ದರು. ಕಮ್ಮಾರ ಬೇಡ, ಕಮ್ಮಾರನ ಸಾಮಾನು ಬೇಕು! ಅಪ್ಪನ ತಲೆಯ ಬೂದಿಯಲ್ಲಿ ಒಂದು ಕಿಡಿ ಉಳಿದಿದ್ದರೂ ಆ ಅಡಿಗಲ್ಲು ಕಂಡರೆ ಹತ್ತಿಕೊಂಡೀತು ಅಂದುಕೊಂಡೆ. ಶಾಲೆ ಬಿಟ್ಟು ಅದರ ಮುಂದೆಯೇ ನಾನು ಬೆಳೆದದ್ದು.

ಭಾನುವಾರ ಮೂವರೂ ಹೋದೆವು. ರಾಜರು ಉಗುಳಿದ ಪೀಕದಾನಿಗೂ ಅಲ್ಲಿ ಗಾಜಿನ ಮನೆ, ಮೇಲೊಂದು ದೀಪ. ಸವೆದ ನಾಣ್ಯಗಳು, ಪಲ್ಲಕ್ಕಿ, ಮೂಗಿಲ್ಲದ ಕಲ್ಲಿನ ಸಿಂಹ. ಕತ್ತಿಗಳ ಕೋಣೆಯಲ್ಲಾದರೂ ಅಪ್ಪ ನಿಂತಾನು ಎಂದು ಕಾದೆ. ಅವನು ಅಂಗಿ ಎತ್ತಿ ಎಸಿ ಗಾಳಿಗೆ ಹೊಟ್ಟೆ ಒಡ್ಡಿದ.

"ಮದುವೆ ಜೋರಾಗಿದೆ ಡ್ರೈವರೇ. ಹುಡುಗಿ ಎಲ್ಲಿ?"

ಅಕ್ಕ ಬಾಯಿಗೆ ಕೈ ಒತ್ತಿ ನಕ್ಕಳು. ಆಮೇಲೆ ಅದೇ ಕೈಯಿಂದ ಕಣ್ಣೊರೆಸಿಕೊಂಡಳು.

ಕೊನೆಯ ಕೋಣೆಯಲ್ಲಿ ನಮ್ಮ ಕುಲುಮೆ ಇತ್ತು. ಮಸಿ ಇಲ್ಲ, ಬೂದಿ ಇಲ್ಲ, ಬೆಂಕಿಯ ಜಾಗದಲ್ಲಿ ಕೆಂಪು ಬಲ್ಬು. ಅಡಿಗಲ್ಲಿಗೆ ಎಣ್ಣೆ ಹಚ್ಚಿ ಮಿರಮಿರ ಮಿಂಚಿಸಿದ್ದರು. ಅದರ ಮುಂದೆ ಪ್ಲಾಸ್ಟರಿನ ಗೊಂಬೆಯೊಂದು ದೊಡ್ಡ ಸುತ್ತಿಗೆ ಎತ್ತಿ ನಿಂತಿತ್ತು. ಸುತ್ತ ಕಬ್ಬಿಣದ ಕಂಬಿ.

ಅಪ್ಪ ನಿಂತ. ಅವನ ಬೆನ್ನು ನೆಟ್ಟಗಾಯಿತು. ಅಕ್ಕ ನನ್ನ ತೋಳು ಹಿಡಿದಳು.

ಕಬ್ಬಿಣ ಕೆಂಪಗಿರುವಾಗ ನಮ್ಮಲ್ಲಿ ಮಾತಿಲ್ಲ. ಯಜಮಾನ ಚಿಕ್ಕ ಸುತ್ತಿಗೆಯಿಂದ ಟಕ್ ಎಂದು ಕುಟ್ಟಿ ಜಾಗ ತೋರಿಸುತ್ತಾನೆ. ಎದುರಿಗಿದ್ದವನು, ಅಂದರೆ ನಾನು, ಅಲ್ಲಿಗೇ ದೊಡ್ಡ ಸುತ್ತಿಗೆ ಇಳಿಸಬೇಕು. ಕೂದಲೆಳೆ ತಪ್ಪಿದರೂ ಅಪ್ಪ ಜನ್ಮ ಜಾಲಾಡುತ್ತಿದ್ದ. ಸರಿಯಾಗಿ ಬಿದ್ದಾಗ ಸರಿ ಎಂದು ಒಮ್ಮೆಯೂ ಅಂದವನಲ್ಲ.

ಅಪ್ಪ ಬೆರಳ ಗೆಣ್ಣಿನಿಂದ ಕಂಬಿಯ ಮೇಲೆ ಕುಟ್ಟಿದ. ಟಕ್.

"ಹೊಡಿಯೋ ಕತ್ತೆ, ಕಬ್ಬಿಣ ಆರ್ತಿದೆ."

ಕತ್ತೆ! ನನ್ನನ್ನೇ ಅಂದ! "ಅಪ್ಪಾ, ಇಲ್ಲಿದ್ದೀನಿ, ಇಲ್ಲಿ ನೋಡು" ಎಂದು ಅವನ ಭುಜ ಹಿಡಿದೆ. ಕೊಡವಿಕೊಂಡ. ಕಣ್ಣು ಗೊಂಬೆಯ ಮೇಲೇ ಇತ್ತು.

"ಸ್ವಲ್ಪ ಸರೀರಿ ಡ್ರೈವರೇ. ಹುಡುಗ ಕೆಲಸ ಮಾಡ್ತಿದ್ದಾನೆ."

ಟಕ್. ಗೊಂಬೆಯ ಸುತ್ತಿಗೆ ಎತ್ತಿದಲ್ಲೇ ಇತ್ತು. ಟಕ್. ಅಪ್ಪನ ಗೆಣ್ಣು ಸುಲಿದು ರಕ್ತ ಜಿನುಗಿತು. ಆದರೂ ಕುಟ್ಟಿದ.

ನನಗೆ ತಡೆಯಲಾಗಲಿಲ್ಲ. ಮುಷ್ಟಿ ಎತ್ತಿ, ಅವನು ಕುಟ್ಟಿದ ಜಾಗಕ್ಕೇ, ಕೂದಲೆಳೆ ತಪ್ಪದಂತೆ ಬಡಿದೆ. ಕಂಬಿ ಝಲ್ಲೆಂದಿತು. ಗಾರ್ಡು ಓಡಿ ಬಂದ.

"ಏಯ್! ಇದೇನು ನಿಮ್ಮಪ್ಪನ ಮನೆ ಅಂದ್ಕೊಂಡ್ಯಾ?"

"ಹೌದು ಕಣೋ!" ಎಂದು ಅರಚಿದೆ.

ಅಪ್ಪನಿಗೆ ಇದ್ಯಾವುದೂ ಬೇಕಿರಲಿಲ್ಲ. ಅವನ ಮುಖ ಅರಳಿತ್ತು. ಗೊಂಬೆಯ ಕಡೆ ಗಲ್ಲ ಎತ್ತಿ ತೋರಿಸಿ, ನನ್ನ ಕಿವಿಯಲ್ಲಿ ಪಿಸುಗುಟ್ಟಿದ:

"ಈಗ ಬಿತ್ತು ನೋಡಿ ಸರಿಯಾದ ಏಟು. ನನ್ನ ಮಗ, ಡ್ರೈವರೇ. ಅವನಿಗೆ ಹೇಳ್ಬೇಡಿ ಮತ್ತೆ, ಕತ್ತೆಗೆ ಕೊಂಬು ಬರುತ್ತೆ."

ಗಾರ್ಡು ಗೇಟಿನವರೆಗೂ ಹಿಂದೆಯೇ ಬಂದ. ಬಸ್ ಸ್ಟಾಪಿನಲ್ಲಿ ಅಕ್ಕ, ನಾಳೆಗೆ ಅಪ್ಪನ ಬಟ್ಟೆ ಯಾವ ಚೀಲಕ್ಕೆ ಹಾಕೋಣ ಎಂದು ಮೆಲ್ಲಗೆ ಕೇಳಿದಳು.

ನನ್ನ ಕೈ ಊದಿಕೊಂಡಿತ್ತು. ನೀಲಿ ಚೀಲ, ಅಂದೆ.