ಹೆರದವಳ ಹಾಲು

"ಬಂದಾವೇನು?" ಸ್ನಾನದ ಕೋಣೆಯ ಹೊರಗಿನಿಂದ ರೇವಣ ಕೇಳಿದ, ನಲ್ಲಿಯ ನೀರನ್ನು ವಿಚಾರಿಸಿದ ಹಾಗೆ.

ಒಳಗೆ ಅವನ ಹೆಂಡತಿ ಕಸ್ತೂರಿ ಬಾಗಿಲಿಗೆ ಬೆನ್ನು ತಿರುಗಿಸಿದಳು. ಎದೆಗೆ ಹಚ್ಚಿದ ಪಂಪು ಗುರುಗುಡುತ್ತಿತ್ತು. ಡಾಕ್ಟರ ಮಾತ್ರೆ ನುಂಗಿ, ತಿಂಗಳುಗಟ್ಟಲೆ ಪಂಪು ಹಿಡಿದ ಮೇಲೆ ಹೆರದವಳಿಗೂ ಹಾಲು ಬಂದಿತ್ತು. ತಾಯ್ತನ ಸಮಾಜ ಕಟ್ಟಿದ ಕಲ್ಪನೆ ಎಂದು ಕಾಲೇಜಿನಲ್ಲಿ ಪಾಠ ಹೇಳುವವಳು ಈಗ ಆ ಕಲ್ಪನೆಯನ್ನು ಹನಿಹನಿಯಾಗಿ ಹಿಂಡುತ್ತಿದ್ದಳು.

ದತ್ತು ತಂದ ಕೂಸು ಒಮ್ಮೆಯೂ ಅವಳ ಎದೆಗೆ ಬಾಯಿ ಹಚ್ಚಿರಲಿಲ್ಲ. ಇವತ್ತು ಗಂಡನ ಊರು ಕಮಲಾಪುರದಲ್ಲಿ ಅದರ ತೊಟ್ಟಿಲ ಶಾಸ್ತ್ರ. "ನಾಕ ಮಂದಿ ಎದುರು ಎದಿಗಿ ಹಾಕ್ಕೋ, ಆಮ್ಯಾಲ ಕೂಸು ನಮ್ಮದು" ಎಂದು ಅತ್ತೆ ದುಂಡಮ್ಮ ಫೋನಿನಲ್ಲೇ ತೀರ್ಪು ಕೊಟ್ಟಿದ್ದಳು.

ಕಾರು ನಗರದ ಖೂಬಾ ಪ್ಲಾಟ್ ಬಡಾವಣೆ ದಾಟಿದ ಮೇಲೆ ರೇವಣ ಕೇಳಿದ: "ಕುಡೀಲಿಲ್ಲಂದ್ರ?"

"ಕುಡೀತದ."

"ಅದಕ್ಕ ಹೇಳೀಯೇನು?"

ಅವಳು ಮಡಿಲಲ್ಲಿದ್ದ ಕೂಸಿನ ಟೊಪ್ಪಿಗೆ ಸರಿಮಾಡಿದಳು.

ಅತ್ತೆಯ ಮನೆಯ ಪಡಸಾಲೆ ತುಂಬ ಹೆಂಗಸರು. ಎದೆಗೆ ಹಾಕಿಕೊಂಡೊಡನೆ ಕೂಸು ಮುಖ ತಿರುವಿತು, ಬೆನ್ನು ಬಿಲ್ಲಾಗಿಸಿ ಚೀರಿತು. ಅದು ಚೀರಿದಂತೆ ಕಸ್ತೂರಿಯ ಕುಬಸ ತೊಯ್ಯಿತು. ಕೂಸನ್ನು ಯಾರೂ ನೋಡಲಿಲ್ಲ. ಎಲ್ಲರೂ ಕುಬಸ ನೋಡಿದರು.

"ಬಂದಾವ ಬಿಡ್ರಿ" ಎಂದಳು ನೆರೆಮನೆಯ ಬಂಡೆಮ್ಮ. "ನಾ ಆರು ಹಡದೀನಿ, ಇಷ್ಟು ತೊಯ್ದಿಲ್ಲ."

"ಕೂಸು ಕುಡೀಲಾಕೇ ಒಲ್ಲದು" ಎಂದಳು ಕಸ್ತೂರಿ.

"ಅದರದೇನದ, ಬಾಟ್ಲಿ ಕೊಡು." ದುಂಡಮ್ಮ ಕೂಸನ್ನು ಕಸಿದು ಮನೆತನದ ತೊಟ್ಟಿಲಿಗೆ ಹಾಕಿದಳು. ಆಮೇಲೆ ಸೊಸೆಯನ್ನು ಒಳಗೆ ಕರೆದು ಬಟ್ಟಲು ಹಿಡಿದಳು. "ನಿಮ್ಮ ಮಾವಗ ಕಣ್ಣಬ್ಯಾನಿ. ಎದಿಹಾಲ ಬಿಟ್ರ ಥಂಡ ಆಗ್ತದ. ಓಣ್ಯಾಗ ಬಾಣಂತಿ ಯಾರೂ ಇಲ್ಲ."

"ಡಾಕ್ಟರಿಗಿ ತೋರಸ್ರಿ, ಅತ್ತಿ."

"ಇವೂ ಡಾಕ್ಟರೇ ತರಿಸಿದ ಹಾಲಲ್ಲೇನು?"

ಕಸ್ತೂರಿ ಹಿಂಡಿದಳು. ಎಂದೂ ಇಲ್ಲದ ಧಾರೆ. ಊರಿಗೆಲ್ಲ ಕಣ್ಣಬೇನೆ ಬಂದಿತ್ತು. ಸುದ್ದಿ ಹಬ್ಬಿತು, ಬಟ್ಟಲುಗಳು ಬಂದವು. ದುಂಡಮ್ಮ ಅವನ್ನು ಜಂಬದಿಂದ ಒಳಗೆ ಸಾಗಿಸಿದಳು. "ನಮ್ಮ ಸೊಸಿ" ಎಂಬ ಮಾತು ಹೊರಗೆ ಮತ್ತೆ ಮತ್ತೆ ಕೇಳಿಸುತ್ತಿತ್ತು. ಕಸ್ತೂರಿಗೆ ಅದು ಹಿತವಾಗಿತ್ತು. ಹಿತವಾದದ್ದಕ್ಕೆ ನಾಚಿಕೆಯಾಯಿತು.

ಹೊರಬಂದಾಗ ಕಟ್ಟೆಯ ಮೇಲೆ ಗಂಡಸರು ಸಾಲಾಗಿ ಕೂತು ಕಣ್ಣು ಮುಚ್ಚಿ ಮುಖ ಮೇಲೆತ್ತಿದ್ದರು. ಬಂಡೆಮ್ಮ ಅರಳೆ ಹಾಲಿಗೆ ಅದ್ದಿ ಅದ್ದಿ ಅವರ ಕಣ್ಣಿಗೆ ಹಿಂಡುತ್ತಿದ್ದಳು. ಒಳಗೆ ಕೂಸು ಬಾಟಲಿ ಚೀಪುವ ಸದ್ದು.

"ಯಾರು ನಿಂತಾರ ಅಲ್ಲಿ?" ಮಾವ ಕಾಶಿರಾಯ ಕಣ್ಣು ತೆರೆಯದೆ ಕೇಳಿದ.

ಅವಳು ಒದ್ದೆ ಕುಬಸದ ಮೇಲೆ ಸೆರಗು ಎಳೆದುಕೊಂಡಳು.

ಮುದುಕನ ರೆಪ್ಪೆಯಿಂದ ಹಾಲು ಸುಕ್ಕುಗಳಲ್ಲಿ ಇಳಿದು ಮೀಸೆಗೆ ಬಂತು. ಅವನು ನಾಲಿಗೆ ಚಾಚಿ, ನಿಧಾನವಾಗಿ, ಅದನ್ನು ನೆಕ್ಕಿದ.